ಚಿಬ್ಬೋ, ಸಂದಿನ ಹುಣ್ಣೋ, ಹುಳುಕಡ್ಡಿಯೋ? ಯಾವ ಫಂಗಸ್‌ಗೆ ಯಾವ ಮದ್ದು

ಮೈ ಮೇಲೆ ಏನೋ ಒಂದು ಮಚ್ಚೆ ಎದ್ದಿದೆ, ತುರಿಸುತ್ತಿದೆ. ಮನೆಯಲ್ಲಿ ಅರ್ಧ ಮುಗಿದ ಟ್ಯೂಬ್ ಒಂದಿದೆ, ಹಿಂದೆ ಯಾರಿಗೋ ಫಂಗಸ್ ಆದಾಗ ತಂದದ್ದು. ಅದನ್ನೇ ಹಚ್ಚಿಕೊಂಡರೆ ಆಯ್ತು, ಅಲ್ವಾ? ಕೆಲವೊಮ್ಮೆ ಆಗುತ್ತದೆ. ಆದರೆ ಎಷ್ಟೋ ಸಲ ಅರ್ಧಂಬರ್ಧ ವಾಸಿಯಾಗಿ, ತಿಂಗಳೊಳಗೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಆಗ ಟ್ಯೂಬ್ ಸರಿಯಿಲ್ಲ ಅಂತ ಬೈಯುತ್ತೇವೆ.

ತಪ್ಪು ಟ್ಯೂಬ್‌ನದ್ದೇ ಆಗಿರಬೇಕಿಲ್ಲ. ನಾವು ಫಂಗಸ್ ಅಂತ ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಕನಿಷ್ಠ ಮೂರು ಬೇರೆ ಬೇರೆ ಜೀವಿಗಳಿವೆ. ಒಂದಕ್ಕೆ ಎಣ್ಣೆ ಬೇಕು. ಇನ್ನೊಂದಕ್ಕೆ ಒದ್ದೆ ಬೇಕು. ಮೂರನೆಯದು ಚರ್ಮದ ಒಣಪದರವನ್ನೇ ತಿಂದು ಬದುಕುತ್ತದೆ. ಮೊದಲ ಎರಡು ಯೀಸ್ಟ್ ಜಾತಿಯವು. ಮೂರನೆಯದು ಯೀಸ್ಟ್ ಅಲ್ಲ, ಅದೇ ಹುಳುಕಡ್ಡಿ. ಯಾವ ಮದ್ದು ಅಂತ ಆರಿಸುವ ಮೊದಲು, ನಮ್ಮ ಮೈಯಲ್ಲಿ ಊಟ ಸಿಗುತ್ತಿರುವುದು ಯಾವುದಕ್ಕೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಎಣ್ಣೆಯ ಗಿರಾಕಿ, ಒದ್ದೆಯ ಗಿರಾಕಿ

ಎಣ್ಣೆ ಬೇಡುವ ಯೀಸ್ಟ್‌ನ ಹೆಸರು ಮಲಸೀಝಿಯಾ. ಲೂಯಿ ಶಾರ್ಲ್ ಮಲಸ್ಸೆ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರಿನಿಂದ 1889ರಲ್ಲಿ ಬಂದ ಹೆಸರಿದು. ಇದರದ್ದೊಂದು ವಿಚಿತ್ರವಿದೆ. ಬದುಕಲು ಬೇಕಾದ ಕೊಬ್ಬಿನಾಮ್ಲವನ್ನು ಇದು ತಾನೇ ತಯಾರಿಸಿಕೊಳ್ಳಲಾರದು. ನಮ್ಮ ಚರ್ಮದ ಗ್ರಂಥಿಗಳು ಸುರಿಸುವ ಜಿಡ್ಡನ್ನೇ ಒಡೆದು ತಿನ್ನಬೇಕು. ಹಾಗಾಗಿ ಜಿಡ್ಡು ಎಲ್ಲಿ ಜಾಸ್ತಿಯೋ ಅಲ್ಲೇ ಇದರ ವಾಸ: ತಲೆ, ಹುಬ್ಬು, ಮೂಗಿನ ಅಕ್ಕಪಕ್ಕ, ಎದೆ, ಬೆನ್ನಿನ ಮೇಲ್ಭಾಗ. ಹದಿಹರೆಯಕ್ಕೆ ಬಂದು ಗ್ರಂಥಿಗಳು ಚುರುಕಾದ ಮೇಲೆ ಚಿಬ್ಬು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಇದಕ್ಕೇ. ಚಿಬ್ಬು, ತಲೆಹೊಟ್ಟು, ಬೆನ್ನಿನ ಮೇಲೆ ಏಳುವ ಒಂದು ಬಗೆಯ ತುರಿಕೆಯ ಗುಳ್ಳೆ, ಇವೆಲ್ಲದರ ಹಿಂದೆ ಇದೇ ಯೀಸ್ಟ್ ಇದೆ.

ಒದ್ದೆ ಬೇಡುವುದು ಕ್ಯಾಂಡಿಡಾ. ಅದರಲ್ಲೂ ಕ್ಯಾಂಡಿಡಾ ಆಲ್ಬಿಕಾನ್ಸ್. ಇದರ ಸಾಮಾನ್ಯ ಮನೆ ಬಾಯಿ, ಕರುಳು, ಹೆಂಗಸರ ಯೋನಿ. ಒಣಗಿದ ಬೆನ್ನಿನ ಮೇಲೆ ಇದಕ್ಕೆ ಕೆಲಸವಿಲ್ಲ. ಚರ್ಮಕ್ಕೆ ಚರ್ಮ ಅಂಟಿ, ಬೆವರು ಆರದೆ, ಉಜ್ಜಿ ಉಜ್ಜಿ ಸಡಿಲವಾದ ಜಾಗ ಸಿಕ್ಕರೆ ಮಾತ್ರ ಅಲ್ಲಿ ಬೀಡುಬಿಡುತ್ತದೆ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಹೊಟ್ಟೆಯ ಮಡಿಕೆ, ಮಗುವಿನ ಡೈಪರ್ ಕಟ್ಟುವ ಜಾಗ, ದಿನವಿಡೀ ನೀರಿನಲ್ಲಿ ಕೈ ಇಡುವವರ ಬೆರಳುಸಂದು.

ಈ ಎರಡೂ ಯೀಸ್ಟ್‌ಗಳು ಯಾರಿಂದಲೋ ಅಂಟಿಸಿಕೊಂಡು ಬಂದವಲ್ಲ. ಮಲಸೀಝಿಯಾ ಹೆಚ್ಚುಕಡಿಮೆ ಎಲ್ಲರ ಚರ್ಮದ ಮೇಲೂ ಇದೆ. ಕ್ಯಾಂಡಿಡಾ ತುಂಬಾ ಜನ ಆರೋಗ್ಯವಂತರ ಹೊಟ್ಟೆಯಲ್ಲೂ ಇದೆ. ಸುಮ್ನೆ ಗುಂಡಗೆ ಮೊಳೆಯೊಡೆಯುತ್ತಾ ಕೂತಿರುವಾಗ ಅವುಗಳಿಂದ ತೊಂದರೆ ಇಲ್ಲ. ಅನುಕೂಲ ಒದಗಿದಾಗ ರೂಪ ಬದಲಿಸಿ ಎಳೆ ಬಿಡಲು ಶುರುಮಾಡುತ್ತವೆ, ಆಗ ಚರ್ಮ ಸಿಟ್ಟಾಗುತ್ತದೆ. ಆದ್ದರಿಂದ ಚಿಬ್ಬು ಬಂದವರ ಟವೆಲ್ ಮುಟ್ಟಬೇಡ, ಪಕ್ಕ ಕೂರಬೇಡ ಅನ್ನುವುದರಲ್ಲಿ ಹುರುಳಿಲ್ಲ. ಚಿಬ್ಬು ಕೊಳಕಿನ ಗುರುತೂ ಅಲ್ಲ. ಬ್ರೆಡ್ ಉಬ್ಬಿಸುವ ಯೀಸ್ಟ್ ತಿಂದದ್ದಕ್ಕೆ ಹೀಗಾಯಿತು ಎಂಬ ಮಾತೂ ಓಡಾಡುತ್ತದೆ. ಅದು ಬೇರೆಯೇ ಜೀವಿ, ಅದಕ್ಕೂ ಇದಕ್ಕೂ ನಂಟಿಲ್ಲ.

ಹುಳುಕಡ್ಡಿ ಹಾಗಲ್ಲ. ಅದು ಇನ್ನೊಬ್ಬರಿಂದಲೋ, ಸಾಕುಪ್ರಾಣಿಯಿಂದಲೋ, ಬಟ್ಟೆಯಿಂದಲೋ ನಿಜವಾಗಿ ಅಂಟುತ್ತದೆ. ಅದು ತಿನ್ನುವುದು ಕೆರಾಟಿನ್, ಅಂದರೆ ಚರ್ಮದ ಮೇಲ್ಪದರ, ಕೂದಲು, ಉಗುರು ಇವುಗಳ ಕಚ್ಚಾ ಸಾಮಾನು. ಟವೆಲ್, ಒಳಉಡುಪು ಬೇರೆ ಇಡಬೇಕಾದದ್ದು ಇದಕ್ಕೆ.

ಕಣ್ಣಿನಲ್ಲಿ ಗುರುತಿಸುವುದು ಹೇಗೆ

ಚಿಬ್ಬಿನಿಂದ ಶುರುಮಾಡೋಣ. ಎದೆ, ಬೆನ್ನು, ಭುಜ, ಕತ್ತಿನ ಮೇಲೆ ಸಣ್ಣ ಸಣ್ಣ ಮಚ್ಚೆಗಳು. ಒಬ್ಬರಿಗೆ ಬಿಳಿಚಾಗಿ ಕಾಣುತ್ತವೆ, ಇನ್ನೊಬ್ಬರಿಗೆ ಕಂದಾಗಿ, ಮತ್ತೊಬ್ಬರಿಗೆ ನಸುಗೆಂಪಾಗಿ. ಬಿಡಿಬಿಡಿಯಾಗಿದ್ದವು ಸೇರಿ ಭೂಪಟದ ಹಾಗೆ ಹರಡುತ್ತವೆ. ತುರಿಕೆ ಇರುವುದಿಲ್ಲ, ಇದ್ದರೂ ಬೆವತಾಗ ಒಂದಿಷ್ಟು. ಬಿಳಿಚು ಬಂದ ಕೂಡಲೇ ಜನ ಹೆದರುವುದು ತೊನ್ನಿಗೆ. ವ್ಯತ್ಯಾಸ ಇಷ್ಟು: ತೊನ್ನಿನ ಬಿಳಿ ಸುಣ್ಣದಂತೆ ಅಚ್ಚಬಿಳಿ, ಚರ್ಮ ನುಣುಪು. ಚಿಬ್ಬಿನದ್ದು ಪೂರ್ತಿ ಬಿಳಿಯಲ್ಲ, ಬಣ್ಣ ಮಂಕಾದದ್ದು ಅಷ್ಟೇ. ಮಚ್ಚೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ, ಅಥವಾ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಚಿಬ್ಬಾಗಿದ್ದರೆ ಸಣ್ಣ ತೌಡಿನಂತಹ ಪುಡಿ ಏಳುತ್ತದೆ.

ಬೆನ್ನಿನ ಗುಳ್ಳೆಗಳ ವಿಷಯದಲ್ಲಿ ಮೋಸಹೋಗುವವರು ಜಾಸ್ತಿ. ಕೂದಲ ಬುಡದಲ್ಲಿ ಮಲಸೀಝಿಯಾ ತುಂಬಿಕೊಂಡರೆ ಹಣೆ, ಎದೆ, ಬೆನ್ನಿನ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ನೋಡಲು ಮೊಡವೆಯೇ. ಆದರೆ ಎಲ್ಲಾ ಗುಳ್ಳೆಗಳೂ ಅಚ್ಚು ಹಾಕಿದ ಹಾಗೆ ಒಂದೇ ಗಾತ್ರ, ಜೊತೆಗೆ ಚೆನ್ನಾಗಿ ನವೆ. ಮೊಡವೆಯಲ್ಲಿ ದೊಡ್ಡದು, ಚಿಕ್ಕದು, ಕಪ್ಪುತಲೆ, ಬಿಳಿತಲೆ ಎಲ್ಲಾ ಬೆರೆತಿರುತ್ತವೆ, ನವೆ ಕಡಿಮೆ. ಮೊಡವೆ ಅಂದುಕೊಂಡು ಆಂಟಿಬಯಾಟಿಕ್ ನುಂಗಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಯೀಸ್ಟ್‌ಗೆ ಇನ್ನಷ್ಟು ಜಾಗ ಸಿಗುತ್ತದೆ. ತಿಂಗಳುಗಟ್ಟಲೆ ಮೊಡವೆ ಮದ್ದು ಹಚ್ಚಿಯೂ ಜಾಸ್ತಿಯಾಗುತ್ತಲೇ ಇದ್ದರೆ ಈ ಅನುಮಾನ ಬರಲೇಬೇಕು.

ತಲೆಹೊಟ್ಟಿನ ಬಗ್ಗೆ ಎರಡೇ ಮಾತು. ಬರೀ ತಲೆಯಲ್ಲಿದ್ದರೆ ಹೊಟ್ಟು. ಹುಬ್ಬು, ಮೂಗಿನ ಬದಿ, ಕಿವಿಯ ಹಿಂದೆಯೂ ಕೆಂಪಾಗಿ ಜಿಡ್ಡುಜಿಡ್ಡಾದ ಪದರ ಏಳುತ್ತಿದ್ದರೆ ಅದೇ ಕಾಯಿಲೆಯ ಜೋರಾದ ರೂಪ, ಸೆಬೊರಿಕ್ ಡರ್ಮಟೈಟಿಸ್. ಇಲ್ಲಿ ಯೀಸ್ಟ್ ಒಂದೇ ಕಾರಣವಲ್ಲ. ಅದು ಜಿಡ್ಡನ್ನು ಒಡೆದಾಗ ಬರುವ ಓಲಿಯಿಕ್ ಆಮ್ಲದಂತಹ ವಸ್ತುಗಳಿಗೆ ಕೆಲವರ ಚರ್ಮ ಮುನಿಯುತ್ತದೆ, ಕೆಲವರದ್ದು ಸುಮ್ಮನಿರುತ್ತದೆ.

ಈಗ ಸಂದಿಗೆ ಬರೋಣ. ಗೊಂದಲ ಇರುವುದೆಲ್ಲ ಇಲ್ಲೇ. ತೊಡೆಸಂದಿನಲ್ಲಿ ಕೆಂಪಾಗಿ ಉರಿಯುತ್ತಿದ್ದರೆ ಅದು ಕ್ಯಾಂಡಿಡಾವೂ ಆಗಿರಬಹುದು, ಹುಳುಕಡ್ಡಿಯೂ ಆಗಿರಬಹುದು. ಹುಳುಕಡ್ಡಿಗೆ ಅಂಚಿನಲ್ಲಿ ಬಲ. ಉಂಗುರದ ಹಾಗೆ ಅಂಚು ಉಬ್ಬಿ, ಪದರೆದ್ದು, ಹೊರಗೆ ಹೊರಗೆ ಸರಿಯುತ್ತಾ ಹೋಗುತ್ತದೆ, ನಡುವೆ ತಿಳಿಯಾಗುತ್ತದೆ. ಗಂಡಸರಲ್ಲಿ ಅದು ತೊಡೆಯ ಮೇಲೆ ಹರಡಿ ಸಾಮಾನ್ಯವಾಗಿ ವೃಷಣದ ಚೀಲವನ್ನು ಬಿಟ್ಟುಬಿಡುತ್ತದೆ. ಕ್ಯಾಂಡಿಡಾ ಅಲ್ಲೂ ಬಿಡುವುದಿಲ್ಲ. ಅದರ ಮಚ್ಚೆ ನಡುವಿನಲ್ಲೂ ಒದ್ದೊದ್ದೆ, ಹಸಿಹಸಿ ಕೆಂಪು. ಅಂಚಿನಲ್ಲಿ ಬಿಳಿ ಚರ್ಮ ಸುಲಿದಿರುತ್ತದೆ. ಗಟ್ಟಿ ಸುಳಿವು ಅಂದರೆ ಮುಖ್ಯ ಮಚ್ಚೆಯ ಆಚೆ ಚೆಲ್ಲಿದ ಹಾಗೆ ಕಾಣುವ ಸಣ್ಣ ಕೆಂಪು ಚುಕ್ಕಿಗಳು, ಕೆಲವದರಲ್ಲಿ ಕೀವಿನ ತುದಿ. ಈ ಮರಿಚುಕ್ಕಿಗಳು ಕಂಡರೆ ಕ್ಯಾಂಡಿಡಾ ಅನ್ನಲು ಧೈರ್ಯ ಬರುತ್ತದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕೆಂಪಾಗಿ ಕಾಣದೆ ಕಂದೋ ನೇರಳೆಯೋ ಆಗಿ ಕಾಣುತ್ತದೆ, ಅದೂ ನೆನಪಿರಲಿ.

ಸಂದಿನಲ್ಲಿ ಬರುವುದೆಲ್ಲ ಫಂಗಸ್ಸೂ ಅಲ್ಲ. ಹೊಳೆಯುವ ನುಣುಪು ಕೆಂಪು, ಮರಿಚುಕ್ಕಿ ಇಲ್ಲ, ವರ್ಷಗಟ್ಟಲೆ ಇದೆ ಅಂದರೆ ಅದು ಸೋರಿಯಾಸಿಸ್ ಆಗಿರಬಹುದು. ಕಂದು ಬಣ್ಣದ, ನವೆಯಿಲ್ಲದ, ಸುಕ್ಕುಸುಕ್ಕಾದ ಮಚ್ಚೆಯಾದರೆ ಎರಿತ್ರಾಸ್ಮಾ ಎಂಬ ಬ್ಯಾಕ್ಟೀರಿಯಾದ ಕಾಟ. ಚರ್ಮವೈದ್ಯರು ಕತ್ತಲಲ್ಲಿ ವುಡ್ಸ್ ದೀಪ ಎಂಬ ನೇರಳಾತೀತ ಬೆಳಕಿನ ದೀಪ ಹಿಡಿದರೆ ಅದು ಹವಳದ ಕೆಂಪಿನಲ್ಲಿ ಹೊಳೆಯುತ್ತದೆ.

ಮಗುವಿನ ಡೈಪರ್ ಜಾಗಕ್ಕೆ ಒಂದು ಸುಲಭದ ಉಪಾಯವಿದೆ. ಬರೀ ಒದ್ದೆ, ಉಜ್ಜುವಿಕೆಯಿಂದ ಆದ ಕೆಂಪು ಬಟ್ಟೆ ತಾಗುವ ಉಬ್ಬಿನ ಮೇಲಿರುತ್ತದೆ, ಮಡಿಕೆಯ ಒಳಗೆ ಚರ್ಮ ಚೆನ್ನಾಗಿರುತ್ತದೆ. ಮಡಿಕೆಯ ಆಳದಲ್ಲೇ ಕೆಂಪಿದ್ದು ಸುತ್ತ ಚುಕ್ಕಿಗಳಿದ್ದರೆ ಕ್ಯಾಂಡಿಡಾ ಸೇರಿಕೊಂಡಿದೆ. ಕಾಲ್ಬೆರಳ ಸಂದಿನ ಬಿಳಿ, ಹಸಿ ಚರ್ಮ, ಅಂದರೆ ಕೆಸರುಹುಣ್ಣು, ಹೆಚ್ಚಾಗಿ ಹುಳುಕಡ್ಡಿಯ ಬಳಗದ್ದು. ಕೈಬೆರಳ ಸಂದಿನದ್ದಾದರೆ ಕ್ಯಾಂಡಿಡಾ ಅನ್ನಿ.

ಮದ್ದುಗಳನ್ನು ಪಕ್ಕಪಕ್ಕ ಇಟ್ಟರೆ

ಕ್ಲೋಟ್ರಿಮಝೋಲ್, ಮೈಕೊನಝೋಲ್, ಕೀಟೊಕೊನಝೋಲ್ ಇವು ಒಂದೇ ಮನೆತನದವು, ಹೆಸರಿನ ಕೊನೆಯ ಝೋಲ್ ನೋಡಿದರೆ ಗೊತ್ತಾಗುತ್ತದೆ. ಫಂಗಸ್‌ನ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ವಸ್ತು ಬೇಕು. ಅದು ತಯಾರಾಗದಂತೆ ಇವು ತಡೆಯುತ್ತವೆ. ಮಲಸೀಝಿಯಾ, ಕ್ಯಾಂಡಿಡಾ, ಹುಳುಕಡ್ಡಿ ಮೂರಕ್ಕೂ ನಾಟುತ್ತವೆ. ಹಾಗಾಗಿ ನನ್ನ ಕೇಳಿದರೆ, ಯಾವುದು ಅಂತ ಖಚಿತವಿಲ್ಲದಾಗ ಮೊದಲು ಹಿಡಿಯಬೇಕಾದದ್ದು ಝೋಲ್ ಕ್ರೀಮ್. ಬೇರೇನೂ ಬೆರೆಯದ್ದು, ಬರೀ ಝೋಲ್.

ಟರ್ಬಿನಾಫಿನ್ ಹುಳುಕಡ್ಡಿಯ ಮದ್ದು. ಅಲ್ಲಿ ಅದು ಝೋಲ್‌ಗಿಂತ ಬೇಗ ಕೆಲಸ ಮಾಡುತ್ತದೆ, ಆದರೆ ಈಚೆಗೆ ಅದಕ್ಕೂ ಬಗ್ಗದ ಹುಳುಕಡ್ಡಿ ಕಾಣಿಸಿಕೊಂಡಿದೆ. ಕ್ಯಾಂಡಿಡಾದ ಮೇಲೆ ಟರ್ಬಿನಾಫಿನ್‌ನ ಆಟ ಅಷ್ಟಕ್ಕಷ್ಟೇ. ಚಿಬ್ಬಿನಲ್ಲಿ ಇನ್ನೂ ತಮಾಷೆ: ಕ್ರೀಮ್ ಆಗಿ ಹಚ್ಚಿದರೆ ಕೆಲಸ ಮಾಡುತ್ತದೆ, ಮಾತ್ರೆಯಾಗಿ ನುಂಗಿದರೆ ಇಲ್ಲ. ಹುಳುಕಡ್ಡಿಗೆ ಬರೆದುಕೊಟ್ಟ ಟರ್ಬಿನಾಫಿನ್ ಮಾತ್ರೆಯನ್ನು ಚಿಬ್ಬಿಗೆ ನುಂಗಿದರೆ ದುಡ್ಡೂ ದಂಡ, ಮದ್ದೂ ದಂಡ.

ನಿಸ್ಟಾಟಿನ್ ಇದಕ್ಕೆ ತದ್ವಿರುದ್ಧ. ಎಲಿಜಬೆತ್ ಹೇಝನ್, ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಮಣ್ಣಿನ ಬ್ಯಾಕ್ಟೀರಿಯಾದಿಂದ ಇದನ್ನು ಕಂಡುಹಿಡಿದು 1950ರಲ್ಲಿ ಲೋಕಕ್ಕೆ ತಿಳಿಸಿದರು. ಅವರು ದುಡಿಯುತ್ತಿದ್ದ ನ್ಯೂಯಾರ್ಕ್ ಸ್ಟೇಟ್‌ನ ಹೆಸರೇ ಮದ್ದಿಗೂ ಬಂತು. ಕ್ಯಾಂಡಿಡಾಕ್ಕೆ ಇದು ಒಳ್ಳೆಯ ಮದ್ದು. ಹುಳುಕಡ್ಡಿಗೆ ಎಷ್ಟು ಹಚ್ಚಿದರೂ ಪ್ರಯೋಜನವಿಲ್ಲ.

ಮದ್ದಿನ ಹೆಸರಿನಷ್ಟೇ ಮುಖ್ಯ ಅದರ ರೂಪ. ಇದನ್ನು ಯಾರೂ ಹೇಳುವುದಿಲ್ಲ, ನೋಡಿ. ಚಿಬ್ಬಿಗೆ ಕ್ರೀಮ್ ಹಚ್ಚುವುದು ಹೆಚ್ಚಿನವರಿಗೆ ಸರಿಯಾದ ಆಯ್ಕೆ ಅಲ್ಲವೇ ಅಲ್ಲ. ಬೆನ್ನಿಗೆ ಕೈ ಎಟುಕುವುದಿಲ್ಲ. ಕಣ್ಣಿಗೆ ಕಂಡ ಹತ್ತು ಮಚ್ಚೆಗೆ ಹಚ್ಚುತ್ತೇವೆ, ಇನ್ನೂ ಕಾಣದ ಇಪ್ಪತ್ತು ಹಾಗೇ ಉಳಿಯುತ್ತವೆ. ಇಲ್ಲಿ ಶಾಂಪೂ ಗೆಲ್ಲುತ್ತದೆ. ತಲೆಹೊಟ್ಟಿಗೆ ಬಳಸುವ ಅದೇ ಶಾಂಪೂ, ಮೈಗೆ. ಶೇ 2ರ ಕೀಟೊಕೊನಝೋಲ್ ಶಾಂಪೂವನ್ನು ಕತ್ತಿನಿಂದ ತೊಡೆಯ ತನಕ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಬೇಕು. ದಿನಕ್ಕೊಮ್ಮೆಯಂತೆ ಹೆಚ್ಚೆಂದರೆ 5 ದಿನ. ಶೇ 2.5ರ ಸೆಲೆನಿಯಂ ಸಲ್ಫೈಡ್ ಆದರೆ 10 ನಿಮಿಷ ಬಿಡಬೇಕು, 7 ದಿನ. ಹಚ್ಚಿದ ಕೂಡಲೇ ತೊಳೆದುಕೊಂಡರೆ ಅದು ಬರೀ ಸ್ನಾನ. ಸೆಲೆನಿಯಂಗೆ ಒಂಥರಾ ವಾಸನೆ, ಆಭರಣದ ಬಣ್ಣ ಕೆಡಿಸುತ್ತದೆ, ಗಾಯದ ಮೇಲೂ ಗುಪ್ತಾಂಗದ ಮೇಲೂ ಹಚ್ಚುವಂತಿಲ್ಲ. ಎರಡರಲ್ಲಿ ಒಂದು ಆರಿಸಬೇಕಾದರೆ ನಾನು ಕೀಟೊಕೊನಝೋಲ್ ಕಡೆ.

ಸಂದಿಗೆ ಶಾಂಪೂ ಬೇಡ, ಕ್ರೀಮ್ ಬೇಕು. ತೆಳ್ಳಗೆ, ದಿನಕ್ಕೆರಡು ಸಲ, 2ರಿಂದ 4 ವಾರ. ದಪ್ಪ ಮುಲಾಮು ಒದ್ದೆಯನ್ನು ಒಳಗೇ ಹಿಡಿದಿಡುತ್ತದೆ, ಕ್ಯಾಂಡಿಡಾಕ್ಕೆ ಬೇಕಾದದ್ದೂ ಅದೇ. ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ದಪ್ಪಗೆ ಬಳಿಯುವುದರಿಂದ ಬೇಗ ಗುಣವಾಗುವುದಿಲ್ಲ, ಚರ್ಮ ಇನ್ನಷ್ಟು ನೆನೆಯುತ್ತದೆ. ಪೌಡರ್ ತಡೆಗೆ ಸರಿ, ಹುಣ್ಣಿಗೆ ಸರಿಯಲ್ಲ. ಹಸಿ ಚರ್ಮದ ಮೇಲೆ ಉದುರಿಸಿದರೆ ಗಂಟುಗಟ್ಟಿ ಉಜ್ಜುತ್ತದೆ. ಮೊದಲು ಕ್ರೀಮ್‌ನಿಂದ ಆರಲಿ, ಆಮೇಲೆ ಪೌಡರ್.

ಎರಡನೇ ವಾರಕ್ಕೆ ನವೆ ನಿಂತಿತು ಅಂತ ಬಿಟ್ಟುಬಿಡುವುದು ಎಲ್ಲರೂ ಮಾಡುವ ತಪ್ಪು. ಕಣ್ಣಿಗೆ ಮಾಯವಾದ ಮೇಲೂ ಒಂದು ವಾರ ಹಚ್ಚಿ.

ಮಾತ್ರೆ ಬೇಕಾಗುವುದು ಯಾವಾಗ? ಚಿಬ್ಬು ಮೈತುಂಬಾ ಹರಡಿದಾಗ, ಶಾಂಪೂ ಸೋತಾಗ, ಬೆನ್ನಿನ ಗುಳ್ಳೆಗಳು ಕೂದಲ ಬುಡದ ಆಳದಲ್ಲಿದ್ದು ಹಚ್ಚಿದ ಮದ್ದು ಇಳಿಯದಿದ್ದಾಗ. ಫ್ಲುಕೊನಝೋಲ್, ಇಟ್ರಾಕೊನಝೋಲ್ ಬಳಕೆಯಲ್ಲಿವೆ. ಎರಡೂ ವೈದ್ಯರು ಬರೆದುಕೊಟ್ಟರೆ ಮಾತ್ರ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂತಹ ಮಾತ್ರೆಗಳ ಜೊತೆ ಇವು ಜಗಳವಾಡುತ್ತವೆ, ಗರ್ಭಿಣಿಯರು ತಾವಾಗಿ ನುಂಗಲೇಬಾರದು. ಕೀಟೊಕೊನಝೋಲ್ ಮಾತ್ರೆಯ ಕಥೆ ಬೇರೆ. ಯಕೃತ್ತಿಗೆ ದೊಡ್ಡ ಏಟು ಬೀಳಬಹುದು ಅಂತ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಚರ್ಮ, ಉಗುರಿನ ಫಂಗಸ್‌ಗೆ ಅದು ಬೇಡವೆಂದು ಎಚ್ಚರಿಸಿತು. ಯುರೋಪಿನ ಸಂಸ್ಥೆಯೂ ಅದೇ ವರ್ಷ ಫಂಗಸ್‌ಗೆ ಆ ಮಾತ್ರೆಯ ಮಾರಾಟ ನಿಲ್ಲಿಸಲು ಹೇಳಿತು. ಶಾಂಪೂ, ಕ್ರೀಮ್‌ಗೆ ಈ ಭಯವಿಲ್ಲ.

ಸ್ಟೀರಾಯ್ಡ್ ಬೆರೆತ ಟ್ಯೂಬ್

ಒಂದು ಬದಿಯಲ್ಲಿ ಝೋಲ್, ಜೊತೆಗೆ ಆಂಟಿಬಯಾಟಿಕ್, ಜೊತೆಗೆ ಬಲವಾದ ಸ್ಟೀರಾಯ್ಡ್. ಮೂರೂ ಸೇರಿದ ಟ್ಯೂಬ್ ಎರಡೇ ದಿನಕ್ಕೆ ನವೆ ನಿಲ್ಲಿಸುತ್ತದೆ, ಅದಕ್ಕೇ ಜನಕ್ಕೆ ಪ್ರೀತಿ. ನವೆ ನಿಲ್ಲಿಸಿದ್ದು ಸ್ಟೀರಾಯ್ಡ್. ಅದು ಕೊಂದದ್ದು ಫಂಗಸ್ಸನ್ನಲ್ಲ, ಫಂಗಸ್ ಬಂದಾಗ ಕೂಗಿ ಎಬ್ಬಿಸುವ ಚರ್ಮದ ಕಾವಲನ್ನು. ಕಾವಲು ಮಲಗಿದ ಮೇಲೆ ಫಂಗಸ್ ಹಾಯಾಗಿ ಹರಡುತ್ತದೆ. ಹುಳುಕಡ್ಡಿ ತನ್ನ ಉಂಗುರದ ಆಕಾರವನ್ನೇ ಕಳೆದುಕೊಂಡು ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತೊಡೆಸಂದಿನ ಚರ್ಮ ಮೊದಲೇ ತೆಳು. ತಿಂಗಳುಗಟ್ಟಲೆ ಹಚ್ಚಿದರೆ ಇನ್ನೂ ತೆಳುವಾಗಿ, ಗರ್ಭಿಣಿಯ ಹೊಟ್ಟೆಯ ಮೇಲೆ ಬೀಳುವಂತಹ ಗೀರುಗಳು ಬೀಳುತ್ತವೆ. ಆ ಗೀರು ಹೋಗುವುದಿಲ್ಲ.

ಟ್ಯೂಬ್‌ನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಅಂತ ಕಂಡರೆ ಅದು ಸ್ಟೀರಾಯ್ಡ್. ವೈದ್ಯರು ನೋಡಿ, ಇಷ್ಟು ದಿನ ಅಂತ ಎಣಿಸಿ ಕೊಟ್ಟಿದ್ದರೆ ಸರಿ. ಇಲ್ಲದಿದ್ದರೆ ಮುಟ್ಟಬೇಡಿ. ಮನೆಮದ್ದು ಅಂತ ಬೆಳ್ಳುಳ್ಳಿ ಅರೆದು ಕಟ್ಟುವುದು, ನಿಂಬೆರಸ ಹಿಂಡುವುದು ಕೂಡ ಬೇಡ. ಸಂದಿನ ಹಸಿ ಚರ್ಮ ಸುಡುತ್ತದೆ, ಆಮೇಲೆ ಎರಡು ಕಾಯಿಲೆಗೆ ಮದ್ದು ಮಾಡಬೇಕು.

ಹೋಯಿತು, ಮತ್ತೆ ಬಂತು

ಚಿಬ್ಬಿಗೆ ಮದ್ದು ಮಾಡಿದಿರಿ. ಮೂರು ವಾರ ಆಯಿತು, ಬಿಳಿ ಮಚ್ಚೆ ಹಾಗೇ ಇದೆ. ಮದ್ದು ಕೆಲಸ ಮಾಡಿಲ್ಲವೇ? ಮಾಡಿದೆ. ಯೀಸ್ಟ್ ಸತ್ತರೂ ಬಣ್ಣ ಮರಳಲು ತಿಂಗಳುಗಳು ಬೇಕು. ಮಲಸೀಝಿಯಾ ತಯಾರಿಸುವ ಅಝೆಲೇಯಿಕ್ ಆಮ್ಲದಂತಹ ವಸ್ತುಗಳು ಚರ್ಮ ಬಣ್ಣ ಮಾಡಿಕೊಳ್ಳುವ ಕೆಲಸಕ್ಕೆ ಅಡ್ಡಬರುತ್ತವೆ. ಮತ್ತೆ ಅದೇ ಕೆರೆಯುವ ಪರೀಕ್ಷೆ ಮಾಡಿ. ಪುಡಿ ಏಳದಿದ್ದರೆ ಯೀಸ್ಟ್ ಹೋಗಿದೆ, ಕಾಯುವುದಷ್ಟೇ ಬಾಕಿ. ಇದು ಗೊತ್ತಿಲ್ಲದೆ ಒಂದಾದ ಮೇಲೊಂದು ಮದ್ದು ಬದಲಿಸುವವರು ಎಷ್ಟೋ.

ಮತ್ತೆ ಬರುವುದಂತೂ ಬರುತ್ತದೆ. ಎಣ್ಣೆಯ ಗಿರಾಕಿ ಮನೆ ಬಿಟ್ಟು ಹೋಗಿಲ್ಲ, ಸಂಖ್ಯೆ ಕಡಿಮೆಯಾಗಿದೆ ಅಷ್ಟೇ. ಸೆಕೆ ಏರಿದಾಗ, ಬೆವರು ಹೆಚ್ಚಿದಾಗ ಪುನಃ ಬೆಳೆಯುತ್ತದೆ. ಪದೇ ಪದೇ ಬರುವವರು ಸೆಕೆಗಾಲದಲ್ಲಿ ತಿಂಗಳಿಗೊಮ್ಮೆ ಅದೇ ಶಾಂಪೂ ಮೈಗೆ ಹಚ್ಚಿಕೊಳ್ಳುವ ಅಭ್ಯಾಸ ಇಟ್ಟುಕೊಳ್ಳಬಹುದು. ಮೈಗೆ, ತಲೆಗೆ ಎಣ್ಣೆ ತಿಕ್ಕಿ ಗಂಟೆಗಟ್ಟಲೆ ಬಿಡುವುದನ್ನು ಕಡಿಮೆ ಮಾಡಿ. ತಲೆ ಒಣಗಿ ಹೊಟ್ಟು ಬಂದಿದೆ ಅಂತ ಎಣ್ಣೆ ಸುರಿದರೆ ಪದರ ಅಂಟಿಕೊಂಡು ಕಾಣದಾಗುತ್ತದೆ, ಅತ್ತ ಯೀಸ್ಟ್‌ಗೆ ಔತಣ.

ಸಂದಿನ ಕ್ಯಾಂಡಿಡಾ ಮರಳಿದರೆ ಪ್ರಶ್ನೆ ಬೇರೆ. ಒದ್ದೆ ಯಾಕೆ ಆರುತ್ತಿಲ್ಲ? ಮೈಯಲ್ಲಿ ಏನು ಬದಲಾಗಿದೆ? ಸ್ನಾನವಾದ ಮೇಲೆ ಸಂದನ್ನು ಒತ್ತಿ ಒರೆಸಿ, ಉಜ್ಜಬೇಡಿ. ಬಿಗಿ ಸಿಂಥೆಟಿಕ್ ಬಟ್ಟೆಯ ಬದಲು ಸಡಿಲ ಹತ್ತಿ. ನೀರಿನ ಕೆಲಸಕ್ಕೆ ಒಳಗೆ ಹತ್ತಿಯ ಗವಸು, ಮೇಲೆ ರಬ್ಬರಿನದು. ಇಷ್ಟಾದರೂ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸಿ. ತನಗೆ ಸಕ್ಕರೆ ಕಾಯಿಲೆ ಇದೆ ಅಂತ ತೊಡೆಸಂದಿನ ಹುಣ್ಣಿನಿಂದಲೇ ಮೊದಲು ತಿಳಿಯುವವರಿದ್ದಾರೆ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಯಾಬಿಟಿಸ್ ಮಾತ್ರೆಗಳಿವೆ, ಹೆಸರಿನ ಕೊನೆಗೆ ಗ್ಲಿಫ್ಲೋಝಿನ್ ಅಂತ ಇರುತ್ತದೆ. ಅವನ್ನು ನುಂಗುವವರಿಗೆ ಗುಪ್ತಾಂಗದ ಕ್ಯಾಂಡಿಡಾ ಜಾಸ್ತಿ. ಈಚೆಗೆ ಆಂಟಿಬಯಾಟಿಕ್ ನುಂಗಿದ್ದು, ಗರ್ಭಿಣಿಯಾಗಿರುವುದು, ಸ್ಟೀರಾಯ್ಡ್ ಮಾತ್ರೆ, ಕ್ಯಾನ್ಸರ್ ಚಿಕಿತ್ಸೆ ಇವೂ ದಾರಿ ಮಾಡಿಕೊಡುತ್ತವೆ.

ಯಾವಾಗ ವೈದ್ಯರ ಬಳಿ ಹೋಗಬೇಕು

ಬರೀ ಝೋಲ್ ಕ್ರೀಮ್ ಹಚ್ಚಿ ಎರಡು ವಾರವಾದರೂ ಇಳಿಯದಿದ್ದರೆ. ಎಳೆಮಗುವಾಗಿದ್ದರೆ. ಯೋನಿಯ ತುರಿಕೆ, ಬಿಳಿ ಸ್ರಾವ ಮೊದಲ ಸಲ ಕಂಡಿದ್ದರೆ, ಯಾಕೆಂದರೆ ಅದು ಬೇರೆ ಸೋಂಕೂ ಆಗಿರಬಹುದು. ಮಡಿಕೆಯಲ್ಲಿ ಕೀವು, ಕೆಟ್ಟ ವಾಸನೆ, ಜ್ವರ ಇದ್ದರೆ ಅದೇ ದಿನ. ತಲೆಯಲ್ಲಿ ಕೂದಲು ಉದುರಿ ಬೋಳು ಮಚ್ಚೆ ಬಿದ್ದಿದ್ದರೆ ಅದು ಹೊಟ್ಟಲ್ಲ, ತಲೆಯ ಹುಳುಕಡ್ಡಿಯ ಅನುಮಾನ. ಅದಕ್ಕೆ ಮಾತ್ರೆಯೇ ಬೇಕು.

ಅಲ್ಲಿ ಮಾಡುವ ಪರೀಕ್ಷೆ ಸರಳ. ಮಚ್ಚೆಯ ಅಂಚಿನಿಂದ ಒಂದಿಷ್ಟು ಪುಡಿ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚಿಬ್ಬಾದರೆ ಗುಂಡು ಯೀಸ್ಟ್‌ಗಳೂ ತುಂಡು ಎಳೆಗಳೂ ಜೊತೆಜೊತೆಗೆ ಕಾಣುತ್ತವೆ. ಹುಳುಕಡ್ಡಿಯಾದರೆ ಉದ್ದ ಕವಲೊಡೆದ ಎಳೆಗಳು. ಲ್ಯಾಬಿನಲ್ಲಿ ಬೆಳೆಸಿ ನೋಡುವುದು ಚಿಬ್ಬಿಗೆ ಅಷ್ಟು ಉಪಯೋಗವಿಲ್ಲ. ತಟ್ಟೆಗೂ ಎಣ್ಣೆ ಹಾಕದಿದ್ದರೆ ಮಲಸೀಝಿಯಾದ ಸಾಮಾನ್ಯ ಜಾತಿಗಳು ಅಲ್ಲಿ ಬೆಳೆಯುವುದೇ ಇಲ್ಲ! ಹಿಂದಿನ ದಿನವೇ ಕ್ರೀಮ್ ಬಳಿದುಕೊಂಡು ಹೋದರೆ ಕೆರೆದ ಪುಡಿಯಲ್ಲಿ ಏನೂ ಸಿಗದೆ ಹೋಗಬಹುದು. ಆದ್ದರಿಂದ ಹೋಗುವ ಮುಂಚೆ ಹಚ್ಚುವುದನ್ನು ನಿಲ್ಲಿಸಬೇಕೇ, ಎಷ್ಟು ದಿನ ಮೊದಲು ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಮನೆಯಲ್ಲಿದ್ದ ಆ ಅರ್ಧ ಮುಗಿದ ಟ್ಯೂಬನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಏನು ಹಚ್ಚಿದ್ದೆ ಅಂತ ನೆನಪಿನಿಂದ ಹೇಳುವುದಕ್ಕಿಂತ ಅದರ ಮೇಲಿನ ಸಣ್ಣ ಅಕ್ಷರವೇ ಸರಿಯಾಗಿ ಹೇಳುತ್ತದೆ.